ಬಳೆಗಳಿಗೆ ಹಚ್ಚಿದ ಅರಿಶಿನ

ತಗಡಿನ ಶೆಡ್ಡು, ಅದರೊಳಗೆ ಎರಡು ಶಹಾಬಾದಿ ಕಲ್ಲುಗಳ ಮೇಲೆ ನಾಲ್ಕು ರಬ್ಬರು ಪಾದಗಳನ್ನೂರಿ ಕುಳಿತ ಒಂದು ಜನರೇಟರು. ಇಬ್ಬರು ಹಿಡಿದರೆ ಎತ್ತಬಹುದಾದಷ್ಟು ಗಾತ್ರ. ಒಂದು ಕಾಲಕ್ಕೆ ಗಿಳಿಹಸಿರಾಗಿದ್ದ ಮೈ ಎಣ್ಣೆ ಕುಡಿದ ಧೂಳಿನಿಂದ ಎಮ್ಮೆಯ ಬಣ್ಣಕ್ಕೆ ತಿರುಗಿದೆ. ಪೆಟ್ರೋಲಿನ ಟಾಕಿಯ ಮೇಲೆ ಮೂರು ಬೆರಳಿನ ವಿಭೂತಿ. ಅದರ ನಡುವೆ ಒಣಗಿ ಕಪ್ಪಾದ ಕುಂಕುಮ. ಹಿಡಿಕೆಗೆ ಸುತ್ತಿದ್ದ ಚೆಂಡುಹೂವಿನ ಮಾಲೆಯಲ್ಲಿ ಉಳಿದಿರುವುದು ಒಂದು ದಾರ, ಅಲ್ಲಲ್ಲಿ ಕಂದು ಗಂಟುಗಳು. ತಗಡಿನ ಮೊಳೆತೂತುಗಳಿಂದ ಇಳಿದ ಬಿಸಿಲು ಯಂತ್ರದ ಬೆನ್ನಿನ ಮೇಲೆ ಏಳೆಂಟು ಬಿಳಿ ಚುಕ್ಕೆಗಳನ್ನಿಟ್ಟು ಅಲ್ಲಿಯೇ ನಿಂತಿದೆ. ಗಾಜಿನ ಹಿಂದೆ ವೋಲ್ಟ್ ಮೀಟರಿನ ಮುಳ್ಳು ಸೊನ್ನೆಗೆ ತಲೆಯಾನಿಸಿದೆ. ಎಳೆದು ಚಾಲೂ ಮಾಡುವ ಹಗ್ಗದ ಮರದ ಹಿಡಿ ಯಾರದೋ ಅಂಗೈಯ ಅಳತೆಗೆ ಸವೆದು ಹೊಳೆಯುತ್ತಿದೆ. ಗೋಡೆಯ ಗೂಟಕ್ಕೆ ಒಂದು ಖಾಕಿ ಅಂಗಿ. ತೋಳುಗಳೆರಡೂ ನೇರ ಕೆಳಗೆ, ಅಪ್ಪಣೆಗಾಗಿ ಕಾದು ನಿಂತವರ ಹಾಗೆ. ಏನೂ ಅಲುಗುವುದಿಲ್ಲ.

ಹೊಸ್ತಿಲಿನಲ್ಲಿ ನಿಂತು ಇಷ್ಟನ್ನೂ ನೋಡಿದ ಗೋಪಾಲಕೃಷ್ಣಾಚಾರ್ಯರು ಕರವಸ್ತ್ರವನ್ನು ಮೂಗಿಗೆ ಹಿಡಿದರು.

“ಇದೇನು ಜನರೇಟರ್ ಶೆಡ್ಡೋ, ಮಾರೆಮ್ಮನ ಗುಡಿಯೋ?”

“ನಾ ಹೇಳಿದ್ನಲ್ಲ ಕಾಕಾ,” ಎಂದ ಅವರ ಹಿಂದೆ ನಿಂತಿದ್ದ ಗುರುರಾಜ. “ನೀವ ಕಣ್ಣಾರೆ ನೋಡ್ಲಿ ಅಂತನ ಕರೆಸಿದ್ದು.”

ಗುರುರಾಜ ಆಚಾರ್ಯರ ದಾಯಾದಿಯ ಮಗ, ಮಾನ್ವಿಯವನು. ದೇವದುರ್ಗದ ಅಂಚಿನಲ್ಲಿದ್ದ ಈ ಧರ್ಮಾರ್ಥ ಕಣ್ಣಿನ ದವಾಖಾನೆಯಲ್ಲಿ ಗುಮಾಸ್ತ. ಅದು ಎಪ್ಪತ್ತೊಂಬತ್ತನೆಯ ಇಸವಿ, ಸಂಕ್ರಮಣ ಕಳೆದ ವಾರ. ಅಂದು ಮಧ್ಯಾಹ್ನ ನಾಲ್ಕಕ್ಕೆ ಕಣ್ಣಿನ ಪೊರೆ ತೆಗೆಯುವ ಮೋತಿಬಿಂದುವಿನ ಆಪರೇಶನ್ನುಗಳು ಆರಂಭವಾಗಬೇಕು. ಕವಿತಾಳ, ಮಟಮಾರಿಗಳ ಕಡೆಯಿಂದ ಬಂದ ಇಪ್ಪತ್ತೆರಡು ಮುದುಕ ಮುದುಕಿಯರು ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತಿದ್ದರು. ಸರಕಾರಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುವ ಊರು ಅದು. ಜನರೇಟರೋ, ಓಡುತ್ತದೆ, ಗುಡುಗುಡು ಎನ್ನುತ್ತದೆ, ಹೊಗೆ ಬಿಡುತ್ತದೆ, ಬೆಳಕನ್ನು ಮಾತ್ರ ಕೊಡುವುದಿಲ್ಲ. ಅದನ್ನು ನೋಡಿಕೊಳ್ಳುವವಳು ಬಂಡೆಮ್ಮ. ಅವಳ ಗಂಡ ಬೂದೆಪ್ಪ ಒಂಬತ್ತು ವರ್ಷ ಆಪರೇಟರ್ ಆಗಿದ್ದು ಹೋದ ವರ್ಷ ತೀರಿಕೊಂಡಿದ್ದ. ಅಂದಿನಿಂದ ಅವಳು ದಿನಗೂಲಿಯ ಮೇಲೆ ಅದೇ ಕೆಲಸ ಮಾಡುತ್ತಿದ್ದಳು. ಕಮಿಟಿಯವರು ಆ ಜಾಗವನ್ನು ಈ ತಿಂಗಳು ಕಾಯಂ ಮಾಡಬೇಕಿತ್ತು. ವಿರೂಪಣ್ಣ ಡಾಕ್ಟರರು ಕೈ ತೊಳೆದುಕೊಂಡಂತೆ ಒಂದು ಮಾತು ಹೇಳಿದ್ದರು: ರಾಯಚೂರಿನಿಂದ ಒಬ್ಬ ಬಲ್ಲವರು ಬಂದು ನೋಡಲಿ, ಮಷೀನು ಕೆಟ್ಟದ್ದು ಇವಳ ಕೈಯಿಂದ ಎಂದು ಬರೆದರೆ ಇವಳು ಹೊರಗೆ, ಇವಳಿಗೆ ಕೆಲಸ ಬರುತ್ತದೆ ಎಂದು ಬರೆದರೆ ಇವಳೇ ಕಾಯಂ. ಬಲ್ಲವರನ್ನು ಗೊತ್ತು ಮಾಡುವ ಹೊಣೆಯನ್ನು ಗುರುರಾಜ ಹೊತ್ತುಕೊಂಡ. ಡಿಪ್ಲೊಮಾ ಮಾಡಿ ಮಾನ್ವಿಯಲ್ಲಿ ಸುಮ್ಮನೆ ಕುಳಿತ ಒಬ್ಬ ಸೋದರಳಿಯ ಅವನಿಗಿದ್ದ.

ಇದೆಲ್ಲ ಆಚಾರ್ಯರಿಗೆ ತಿಳಿದಿರಲಿಲ್ಲವೆಂದಲ್ಲ. ತಿಳಿದಿತ್ತು, ತಿಳಿದು ಗುರುರಾಜನನ್ನು ಒಳಗೊಳಗೇ ಹೀನೈಸಿದ್ದರು, ಹೀನೈಸಿಯೂ ಬಸ್ಸು ಹತ್ತಿದ್ದರು. ತಿರಸ್ಕಾರವನ್ನು ಅವರು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಎರಡು ಹೊತ್ತೂ ಆಚರಿಸುತ್ತಿದ್ದರು. ರಾಯಚೂರಿನ ತಾಂತ್ರಿಕ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ವಿದ್ಯುಚ್ಛಕ್ತಿಯ ಪಾಠ ಹೇಳಿದವರು. ಹೇಳಿದ್ದು ಕಪ್ಪು ಹಲಗೆಯ ಮೇಲೆ. ಅಲ್ಲಿನ ಯಂತ್ರಗಳಿಗೆ ಎಣ್ಣೆಯಿರಲಿಲ್ಲ, ವಾಸನೆಯಿರಲಿಲ್ಲ. ಸೀಮೆಸುಣ್ಣದ ಬಾಣ ತೋರಿಸಿದ ಕಡೆಗೆ ವಿದ್ಯುತ್ತು ವಿಧೇಯವಾಗಿ ಹರಿಯುತ್ತಿತ್ತು. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಅವರು ಮೊದಲು ಕಂಡಕ್ಟರನನ್ನು, ಕಲ್ಮಲದಲ್ಲಿ ಹತ್ತಿದ ಹತ್ತಿಯ ಅಂಡಿಗೆಯನ್ನು, ಅದರ ಮೇಲೆ ಕುಳಿತವನನ್ನು, ಅವನ ಬೀಡಿಯನ್ನು ಕ್ರಮವಾಗಿ ತಿರಸ್ಕರಿಸುತ್ತ ಬಂದಿದ್ದರು. ಹೊರಡುವಾಗ ಶಾಲೆಯ ಕಪಾಟಿನಲ್ಲಿದ್ದ, ತಂತಿ ಪರೀಕ್ಷಿಸುವ ಮೀಟರನ್ನು ಕೈಗೆತ್ತಿಕೊಂಡು, “ದೇವದುರ್ಗಕ್ಕ ಇದೊಂದು ಕೇಡು” ಎಂದು ಮರಳಿ ಇಟ್ಟಿದ್ದರು. ಚೀಲದಲ್ಲಿದ್ದದ್ದು ಒಂದು ಸ್ಕ್ರೂಡ್ರೈವರು ಮತ್ತು ಎರಡು ತಂತಿ ಜೋಡಿಸಿದ ಒಂದು ಬಲ್ಬು.

“ಎಲ್ಲಿ ನಿಮ್ಮ ಆಪರೇಟರು?”

“ಇಲ್ಲೇ ಅದೀನ್ರಿ,” ಎಂದಿತು ಒಂದು ದನಿ. ಆಚಾರ್ಯರು ಶೆಡ್ಡಿನ ಮೂಲೆಯ ಕತ್ತಲೆಯನ್ನು ಎರಡನೆಯ ಸಲ ನೋಡಬೇಕಾಯಿತು. ನಲವತ್ತರ ಹೆಂಗಸು, ಬರಿಗೈ, ಬರಿಹಣೆ, ಸೊಂಟಕ್ಕೆ ಬಿಗಿದ ಸೆರಗು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಅವಳನ್ನು ಪೊರಕೆಯ ಜೊತೆಗೆ ಎಣಿಸಿ ಮುಂದೆ ಹೋಗಿದ್ದ ಕಣ್ಣು ಈಗ ಹಿಂದಕ್ಕೆ ಬಂತು.

“ನೀನೇನು? ಏನು ಓದೀದಿ?”

“ಓದಿಲ್ರಿ.”

“ಕರೆಂಟ್ ಅಂದ್ರ ಏನು ಗೊತ್ತದೇನು?”

“ಮುಟ್ಟಿದ್ರ ಹೊಡೀತದ, ಮುಟ್ಟಲಿಲ್ಲಂದ್ರ ಬೆಳಕು ಕೊಡ್ತದ. ಇಷ್ಟ ಗೊತ್ರಿ ಸಾಹೇಬ್ರ.”

ಬಾಗಿಲ ಹೊರಗೆ ವ್ಯಾನಿನ ಡ್ರೈವರ್ ಸಾಬಣ್ಣ ಕಿಸಕ್ಕನೆ ನಕ್ಕ. ಆಚಾರ್ಯರು ಅವನತ್ತ ತಿರುಗಲಿಲ್ಲ; ಡ್ರೈವರುಗಳ ನಗೆಗೆ ತಿರುಗುವುದು ಅವರ ಪದ್ಧತಿಯಲ್ಲ. “ಚಾಲೂ ಮಾಡು,” ಎಂದರು.

ಬಂಡೆಮ್ಮ ಹಗ್ಗದ ಹಿಡಿಯನ್ನು ಹಿಡಿದು, ಒಂದು ಕಾಲನ್ನು ಕಲ್ಲಿಗೆ ಊರಿ, ಎಳೆದಳು. ಎರಡನೆಯ ಎಳೆತಕ್ಕೆ ಯಂತ್ರ ಎದ್ದಿತು. ಹೊಗೆಕೊಳವೆ ಗೋಡೆಯಾಚೆ ಕೆಮ್ಮಿತು. ಸದ್ದು ಸಮವಾಗಿತ್ತು, ಏರುಪೇರಿಲ್ಲ. ಅಂದರೆ ಎಂಜಿನ್ನಿನಲ್ಲಿ ದೋಷವಿಲ್ಲವೆಂದು ಆಚಾರ್ಯರು ಕಣ್ಣು ಮುಚ್ಚಿಯೇ ಹೇಳಬಲ್ಲವರಾಗಿದ್ದರು. ಮೀಟರಿನ ಮುಳ್ಳು ಮಾತ್ರ ಸೊನ್ನೆಯನ್ನು ಬಿಟ್ಟು ಕದಲಲಿಲ್ಲ. ತಾವು ತಂದ ಬಲ್ಬನ್ನು ಹಚ್ಚಿ ನೋಡಿದರು. ಕೆಂಪು ಕೂಡ ಆಗಲಿಲ್ಲ. ಫ್ಯೂಜು ನೋಡಿದರು, ಸರಿಯಿತ್ತು. “ಬಂದ್ ಮಾಡು. ಹಿಂದಿನ ಮುಚ್ಚಳ ತೆಗಿ,” ಎಂದರು.

ಮುಚ್ಚಳ ತೆಗೆಯುವಾಗ ಅವಳ ಕೈ ಒಂದು ಕ್ಷಣ ತಡವರಿಸಿದ್ದನ್ನು ಅವರು ಗಮನಿಸಿದರು. ನಾಲ್ಕು ಸ್ಕ್ರೂ ಕಳಚಿ ತಗಡಿನ ಮುಚ್ಚಳ ಕೈಗೆ ಬಂದಾಗ ಕಾರಣ ತಿಳಿಯಿತು.

ತಿರುಗುವ ದಿಂಡಿನ ತುದಿಗೆ ಎರಡು ಹಿತ್ತಾಳೆಯ ಬಳೆಗಳು; ಅವುಗಳ ಮೇಲೆ ಕಾರ್ಬನ್ನಿನ ಎರಡು ತುಂಡುಗಳು ಒತ್ತಿ ಕುಳಿತು ಒಳಗಿನ ಸುರುಳಿಗೆ ವಿದ್ಯುತ್ತನ್ನು ದಾಟಿಸಬೇಕು. ಬಳೆಗಳು ಕನ್ನಡಿಯ ಹಾಗೆ ಹೊಳೆಯಬೇಕು. ಇಲ್ಲಿ ಅವುಗಳ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಗಟ್ಟಿಯಾಗಿ ಮೆತ್ತಿತ್ತು. ಒಂದೊಂದು ಬಳೆಗೂ ಒಂದೊಂದು ಕುಂಕುಮದ ಬೊಟ್ಟು. ಕಾರ್ಬನ್ ಉಜ್ಜಿದಲ್ಲಿ ಅರಿಶಿನ ಸುಟ್ಟು ಕಪ್ಪಾದ ಪಟ್ಟಿ. ಸಂದಿಯಲ್ಲಿ ಚೆಂಡುಹೂವಿನ ಒಂದು ದಳ.

ಆಚಾರ್ಯರಿಗೆ ಆದದ್ದು ಸಂತೋಷವೆಂದೇ ಹೇಳಬೇಕು. ಜಗತ್ತಿನ ಬಗ್ಗೆ ತಾವು ಮಾಡಿಕೊಂಡಿದ್ದ ಅಂದಾಜು ಇಷ್ಟು ಅಚ್ಚುಕಟ್ಟಾಗಿ ಎದುರಿಗೆ ಬಂದು ನಿಲ್ಲುವುದು ಅಪರೂಪ.

“ಗುರುರಾಜಾ, ಬಾ ಇಲ್ಲಿ. ನೋಡು. ಪ್ರಪಂಚದಾಗ ಜನರೇಟರು ನೂರು ತರದಿಂದ ಕೆಡ್ತಾವ. ಇದು ನೂರಾ ಒಂದನೇದು. ಯಾವ ಪುಸ್ತಕದಾಗೂ ಇಲ್ಲ!”

“ಅಯ್ಯ ರಾಮಾ ರಾಮಾ!” ಎಂದ ಗುರುರಾಜ, ಹಬ್ಬದೂಟಕ್ಕೆ ಕುಳಿತವನ ಮುಖದಲ್ಲಿ.

“ಯಾರು ಮಾಡಿದ್ದಿದು?”

“ನಾನ ರೀ,” ಎಂದಳು ಬಂಡೆಮ್ಮ. “ಮಾನಮಿ ಆಯುಧ ಪೂಜಿಗೆ.”

“ಪೂಜಿ ಹೊರಗ ಮಾಡ್ತಾರವ್ವಾ, ಹೊರಗ! ನಿನಗ ಹೊಟ್ಟಿ ಬಗದು ಕರಳಿಗೆ ಅರಿಶಿನ ಹಚ್ಚು ಅಂತ ಯಾವ ಪೂಜಾರಿ ಹೇಳಿದ?”

“ನಮ್ಮ ಮನಿಯವ್ರು ಇದ್ದಾಗ ಹೊರಗ ಮಾಡ್ತಿದ್ರು. ಈ ಸಲ ಮೊದಲನೇ ಸಲ ನನ್ನ ಕೈಲೆ ಆಗೋದು ಅಂತ, ಒಳಗಿನ ಧೂಳಾನೂ ತೆಗಿಯಾಕ ಬಿಚ್ಚಿದ್ದೆ.” ಅವಳು ನೆಲವನ್ನು ನೋಡಲಿಲ್ಲ, ಆ ಎರಡು ಹಿತ್ತಾಳೆಯ ವರ್ತುಲಗಳನ್ನು ನೋಡುತ್ತಿದ್ದಳು. “ಬಳಿ ಇದ್ದಂಗ ಇದ್ವು. ಬರೇ ಬಳಿ. ಹಚ್ಚಿದೆ.”

ಆಚಾರ್ಯರ ಬಾಯಿಗೆ ಬಂದದ್ದು ಹೊರಗೆ ಬರಬಾರದಾಗಿತ್ತು; ಆದರೆ ಅವರ ಬಾಯಿಗೆ ಬಾಗಿಲಿರಲಿಲ್ಲ. “ತನಗಿಲ್ಲದ ಮುತ್ತೈದೆತನ ಮಷೀನಿಗೆ ಕೊಟ್ಟಾಳ ಮಹಾತಾಯಿ,” ಎಂದರು.

ಗುರುರಾಜ ನಕ್ಕ. ಸಾಬಣ್ಣ ನಗಲಿಲ್ಲ. ಬಂಡೆಮ್ಮ ಕೆಲಕಾಲ ಅವರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಕುರಿ ಕೊಳ್ಳುವವರು ಹಲ್ಲು ನೋಡಿ, ಬೇಡವೆಂದು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರಲ್ಲ, ಅಂಥದೊಂದು ನೋಟ.

“ಪೆಟ್ರೋಲು, ಅರಿವಿ, ಉಜ್ಜೋ ಕಾಗದ ಕೊಡು,” ಎಂದರು ಆಚಾರ್ಯರು. ಅವಳು ಕೊಟ್ಟಳು. ಅವರು ಉಜ್ಜುವ ಕಾಗದದಿಂದ ಬಳೆಗಳನ್ನು ತಿಕ್ಕಿದರು, ಪೆಟ್ರೋಲಿನ ಬಟ್ಟೆಯಿಂದ ಒರೆಸಿದರು, ಕಾರ್ಬನ್ ತುಂಡುಗಳ ಮುಖವನ್ನು ಹದಗೊಳಿಸಿ ಮತ್ತೆ ಕೂಡಿಸಿದರು. ಇಷ್ಟು ಮಾಡುವಾಗ ಅವರ ಕೈ ಸೊಗಸಾಗಿ ಕೆಲಸ ಮಾಡಿತು. ವರ್ಷಗಳ ನಂತರ ಬೆರಳಿಗೆ ಕಪ್ಪು ಹತ್ತಿದ್ದನ್ನು ಅವರು ತುಸು ಪ್ರೀತಿಯಿಂದಲೇ ನೋಡಿಕೊಂಡರು. ಬಳೆಗಳು ಬಂಗಾರದಂತಾದವು.

“ಎಳಿ ಈಗ. ಬೆಳಕು ನೋಡು.”

ಬಂಡೆಮ್ಮ ಎಳೆದಳು. ಯಂತ್ರ ಓಡಿತು. ಮುಳ್ಳು ಸೊನ್ನೆಯಲ್ಲಿಯೇ ಇತ್ತು. ಬಲ್ಬು ಕುರುಡಾಗಿಯೇ ಇತ್ತು.

ಒಂದು ನಿಮಿಷ ಆಚಾರ್ಯರು ಬಲ್ಬನ್ನು, ಬಲ್ಬು ಆಚಾರ್ಯರನ್ನು ನೋಡಿದಂತಾಯಿತು. ಹಿಂದೆ ಗುರುರಾಜ, ಬಾಗಿಲಲ್ಲಿ ಸಾಬಣ್ಣ, ಪಡಸಾಲೆಯಿಂದ ಎದ್ದುಬಂದು ಶಬ್ದದ ಕಡೆಗೆ ಮುಖ ತಿರುಗಿಸಿ ನಿಂತ ಒಬ್ಬಿಬ್ಬರು ಕಣ್ಣಿಲ್ಲದ ಮುದುಕರು. ಇಂಥ ಹೊತ್ತಿನಲ್ಲಿ ಬಲ್ಲವರಿಗೆ ಬೇಕಾದದ್ದು ಮೀಟರು. ಅದು ರಾಯಚೂರಿನ ಕಪಾಟಿನಲ್ಲಿತ್ತು. ಅವರು ಬಗ್ಗಿ ಮೂಸಿದರು. ಸುಟ್ಟ ವಾಸನೆ. ಅರಿಶಿನವೂ ಎಣ್ಣೆಯೂ ಸುಟ್ಟ ವಾಸನೆ ಮೂಗಿನಲ್ಲಿ ಇನ್ನೂ ಇದ್ದಾಗ ಬೇರೆ ಯಾವ ವಾಸನೆ ಬಂದೀತೆಂದು ತಮ್ಮ ವಿದ್ಯಾರ್ಥಿಯೊಬ್ಬನನ್ನು ಅವರು ಖಂಡಿತ ಗದರಿಸುತ್ತಿದ್ದರು. ತಮ್ಮನ್ನು ಗದರಿಸಿಕೊಳ್ಳುವುದು ಅವರಿಗೆ ಅಭ್ಯಾಸವಿರಲಿಲ್ಲ.

“ವೈಂಡಿಂಗ್ ಸುಟ್ಟದ,” ಎಂದರು, ನೆಟ್ಟಗೆ ನಿಂತು. “ಒಳಗಿನ ತಂತಿ ಪೂರಾ ಹೋಗ್ಯದ. ಹೈದರಾಬಾದಿಗೆ ಕಳಿಸ್ಬೇಕು. ಅರಿಶಿನದ ಪ್ರಸಾದ!”

“ಹಂಗ ಬರೀರಿ ಕಾಕಾ. ಹಂಗ ಬರೀರಿ,” ಎಂದ ಗುರುರಾಜ, ಕಾಗದವನ್ನು ಅವನು ಆಗಲೇ ಹಿಡಿದುಕೊಂಡು ನಿಂತಿದ್ದ. “ಆಪರೇಟರ್‌ನ ಅಜ್ಞಾನದಿಂದ ಯಂತ್ರ ನಾಶವಾಗಿದೆ ಅಂತ. ಅಜ್ಞಾನ ಅಂತ ಬರೀರಿ, ನಿಷ್ಕಾಳಜಿ ಅಂತ ಬ್ಯಾಡ. ಅಜ್ಞಾನ ಅಂದ್ರ ತೂಕ ಇರ್ತದ.”

“ಸುಟ್ಟಿಲ್ರಿ ಅದು,” ಎಂದಳು ಬಂಡೆಮ್ಮ.

ಆಚಾರ್ಯರು ಕಾಗದದಿಂದ ತಲೆಯೆತ್ತಿದರು.

“ಸುಟ್ಟಿಲ್ಲ. ಮಲಗ್ಯದ.”

“ಏನು ಮಾಡ್ಯದ?”

“ಮಲಗ್ಯದ ರೀ. ಬಳಿಗೆ ಅರಿಶಿನ ಹಚ್ಚಿದ್ದು ನನ್ನ ತಪ್ಪು, ನೀವು ತೆಗೆದ್ರಿ, ಚೊಲೊ ಆತು. ಆದ್ರ ಇದು ಬ್ಯಾರೆ. ಭಾಳ ದಿನಾ ನಿಂತ್ರ, ಇಲ್ಲಾ ಎಲ್ಲೆರ ಒಯ್ದು ದಡಬಡ ಕುಲುಕಿದ್ರ ಮಲಗ್ತದ. ನಮ್ಮ ಮನಿಯವ್ರು ಎಬ್ಬಿಸ್ತಿದ್ರು. ನಾ ನೋಡೀನಿ. ಬ್ಯಾಟರಿ ಬೇಕು ಅಂತ ಎಂಟು ದಿನದಿಂದ ಇವ್ರನ್ನ ಕೇಳಾಕತ್ತೀನಿ,” ಎಂದು ಗುರುರಾಜನತ್ತ ಗದ್ದ ಚಾಚಿದಳು. “ವ್ಯಾನಿನ ಬ್ಯಾಟರಿ ಮುಟ್ಟಿದ್ರ ಕೈ ಮುರೀತೀನಿ ಅಂದ್ರು.”

“ಶೆಡ್ಡಿನಾಗ ಇದ್ದ ಮಷೀನು ಹೆಂಗ ಕುಲುಕ್ತದ?” ಎಂದರು ಆಚಾರ್ಯರು.

ಉತ್ತರ ಬಾಗಿಲಿನಿಂದ ಬಂತು. “ಮಾನಮಿ ಆದ ಮ್ಯಾಲೆ ಮಾನ್ವಿಗೆ ಹೋಗಿತ್ತಲ್ರಿ ಸಾಹೇಬ್ರ!” ಎಂದ ಸಾಬಣ್ಣ. “ಟ್ರ್ಯಾಕ್ಟರ್ ಟ್ರೇಲರ್‌ದಾಗ ಕುಂತು ಹೋಗಿತ್ತು, ಗುಮಾಸ್ತರ ತಂಗಿ ಮದುವಿಗೆ. ಡಾಕ್ಟರ್ ಸಾಹೇಬ್ರು ರಜಾದ ಮ್ಯಾಲೆ ಇದ್ರು. ಹೋಗಿ ಬಂದದ್ದು ಒಂದ ಕುಣಿತ. ಪಾಪ, ಅಕ್ಕಿಕಾಳು ಹಾಕಿ ಬಂತು, ಬೆಳಕು ಮಾತ್ರ ಮುಯ್ಯಿ ಮಾಡಲಿಲ್ಲ.”

“ಸಾಬಣ್ಣಾ, ನಿನ್ನ ಕೆಲಸ ನೋಡ್ಕೋ,” ಎಂದ ಗುರುರಾಜ.

“ಅದನ್ನ ನೋಡಾಕತ್ತೀನ್ರಿ. ಏನೂ ಇಲ್ಲ ಅಂತ ಇಲ್ಲಿ ನಿಂತೀನಿ.”

ಆಚಾರ್ಯರಿಗೆ ಆ ಮದುವೆ ನೆನಪಾಯಿತು. ಹೋಗಿದ್ದರು. ಸಂಜೆಯ ಆರತಕ್ಷತೆಯ ಹೊತ್ತಿಗೆ ಯಾವುದೋ ಒಂದು ಜನರೇಟರು ಬರೀ ಸದ್ದು ಮಾಡಿ, ಕಡೆಗೆ ಪೆಟ್ರೋಮ್ಯಾಕ್ಸುಗಳನ್ನು ತರಿಸಿ, ಹಸಿರು ಬಣ್ಣದ ಆ ಬೆಳಕಿನಲ್ಲಿ ತಾವು ಎರಡನೆಯ ಹೋಳಿಗೆಯನ್ನು ಬೇಡವೆನ್ನದೆ ಹಾಕಿಸಿಕೊಂಡದ್ದು. ಯಂತ್ರ ತಂದವರನ್ನು ಆಗಲೂ ಅವರು ತಿರಸ್ಕರಿಸಿದ್ದರು. ಯಾರೆಂದು ಮಾತ್ರ ಕೇಳಿರಲಿಲ್ಲ.

“ಮಷೀನು ಅಂದ್ರ ಕುರಿ ಅಲ್ಲ ತಾಯಿ, ಮಲಗಲಿಕ್ಕೆ ಏಳಲಿಕ್ಕೆ,” ಎಂದರು, ನಗುವಿಗಾಗಿ ಸುತ್ತ ನೋಡುತ್ತ.

“ಕುರಿ ಕಾದವ್ರಿಗೆ ಒಂದು ಗೊತ್ತಿರ್ತದ ರೀ,” ಎಂದಳು ಬಂಡೆಮ್ಮ. “ಬಿದ್ದ ಕುರಿಯೆಲ್ಲ ಸತ್ತ ಕುರಿ ಅಲ್ಲ. ಕಿವಿ ಹಿಡಿದು ನೋಡ್ದ ಹೊರತು ನಾವು ಸತ್ತದ ಅನ್ನಂಗಿಲ್ಲ. ನೀವು ಮೂಸಿ ನೋಡಿ ಅಂದುಬಿಟ್ರಿ.” ಆಮೇಲೆ ಬಾಗಿಲಿನ ಕಡೆ, “ಸಾಬಣ್ಣಾ, ವ್ಯಾನು ಹಿಂದ ತಗೊಂಬಾ.”

“ಕೈ ಮುರೀತಾರಂತಲ್ಲವಾ?”

“ಮುರೀಲಿ. ಇಲ್ಲೇ ದವಾಖಾನಿ ಅದ.”

“ಇದು ಕಣ್ಣಿಂದು ಬೇ!” ಎಂದು ನಗುತ್ತ ಸಾಬಣ್ಣ ಹೋಗಿಯೇಬಿಟ್ಟ. ಗುರುರಾಜ ಆಚಾರ್ಯರ ಮುಖ ನೋಡಿದ. ಆಚಾರ್ಯರು, ಮೂರ್ಖರಿಗೆ ಅವರ ಮೂರ್ಖತನವನ್ನು ಪೂರ್ತಿ ತೋರಿಸಿಕೊಡುವುದು ಗುರುಧರ್ಮವೆಂಬಂತೆ, ಮಾಡಲಿ ಬಿಡು ಎಂದು ಕೈಯಾಡಿಸಿದರು.

ವ್ಯಾನು ಹಿಂದುಹಿಂದಾಗಿ ಬಂದು ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಬಂಡೆಮ್ಮ ಗೂಟದ ಖಾಕಿ ಅಂಗಿಯ ಜೇಬಿನಿಂದ ಎರಡು ಉದ್ದದ ತಂತಿ ತೆಗೆದಳು: ಒಂದು ಕೆಂಪು, ಒಂದು ಕರಿ. ಸಾಬಣ್ಣ ಅವನ್ನು ಬ್ಯಾಟರಿಗೆ ಕಚ್ಚಿಸಿದ. ಅವಳು ಮೊದಲು ಜನರೇಟರಿನಿಂದ ದವಾಖಾನೆಗೆ ಹೋಗುವ ದೊಡ್ಡ ಸ್ವಿಚ್ಚನ್ನು ಕೆಳಗಿಳಿಸಿದಳು. ಇಳಿದಿದೆಯೆಂದು ಎರಡು ಸಲ ನೋಡಿದಳು. ಯಂತ್ರವನ್ನು ಎಳೆದು ಓಡಿಸಿದಳು. ಅದು ಸಮಗತಿಗೆ ಬರುವವರೆಗೆ ತಲೆ ಓರೆ ಮಾಡಿ ಕೇಳಿದಳು. ಕಾರ್ಬನ್ನುಗಳ ಎರಡು ಮೊಳೆಗಳಲ್ಲಿ ಒಂದಕ್ಕೆ ಬೂದೆಪ್ಪ ಯಾವಾಗಲೋ ಕೆಂಪು ಬಣ್ಣ ಬಳಿದಿದ್ದ. ಅವಳು ಬಗ್ಗಿ, ಕೆಂಪು ಮೊಳೆಗೆ ಕೆಂಪು ತಂತಿ ಹಿಡಿದು, ಇನ್ನೊಂದಕ್ಕೆ ಕರಿಯದನ್ನು ಮುಟ್ಟಿಸಿ, “ಒಂದ, ಎರಡ” ಎಂದು ಎಣಿಸಿ ಕೈ ತೆಗೆದಳು. ಸಣ್ಣದೊಂದು ಕಿಡಿ.

ಯಂತ್ರದ ಸದ್ದು ಬದಲಾಯಿತು. ಹಗುರಾಗಿ ಓಡುತ್ತಿದ್ದವನ ತಲೆಯ ಮೇಲೆ ಯಾರೋ ಹೊರೆ ಇಟ್ಟ ಹಾಗೆ ದನಿ ತುಸು ಆಳಕ್ಕಿಳಿಯಿತು. ಗಾಜಿನ ಹಿಂದೆ ಮುಳ್ಳು ನಡುಗಿತು, ನೂರನ್ನು ದಾಟಿತು, ಇನ್ನೂರನ್ನು ದಾಟಿ ಇನ್ನೂರಿಪ್ಪತ್ತರ ಹತ್ತಿರ ಹೋಗಿ, ಮನೆ ಸಿಕ್ಕವರ ಹಾಗೆ ನಿಂತಿತು. ಆಚಾರ್ಯರ ಕೈಯಲ್ಲಿ ಇನ್ನೂ ಹಿಡಿದೇ ಇದ್ದ, ತಂತಿ ಯಂತ್ರಕ್ಕೇ ಕೂಡಿದ್ದ ಬಲ್ಬು ಇದ್ದಕ್ಕಿದ್ದಂತೆ ಹೊತ್ತಿಕೊಂಡು ಅವರ ಮುಖವನ್ನೇ ಎಲ್ಲರಿಗೂ ತೋರಿಸಿತು.

ಆಗ ಅವರಿಗೆ ತಿಳಿಯಿತು. ತಿಳಿಯಿತು ಎನ್ನುವುದು ಕೂಡ ದೊಡ್ಡ ಮಾತು. ಅವರಿಗೆ ಅದು ಗೊತ್ತೇ ಇತ್ತು. ಇಪ್ಪತ್ತಾರು ಜೂನ್ ತಿಂಗಳುಗಳಲ್ಲಿ ಇಪ್ಪತ್ತಾರು ಸಲ ಹಲಗೆಯ ಮೇಲೆ ಬರೆದದ್ದು: ಯಂತ್ರ ನಿಂತ ಮೇಲೂ ಅದರ ಕಬ್ಬಿಣದಲ್ಲಿ ಒಂದಿಷ್ಟು ಕಾಂತತ್ವ ಉಳಿದಿರುತ್ತದೆ, ಆ ಉಳಿಕೆಯಿಂದಲೇ ಮರುದಿನದ ವಿದ್ಯುತ್ತು ಮೊಳೆಯುತ್ತದೆ, ಬಹುಕಾಲ ಸುಮ್ಮನಿದ್ದರೆ, ಬಲವಾಗಿ ಅಲುಗಿದರೆ, ಅದು ಅಳಿಸಿಹೋಗುತ್ತದೆ, ಆಗ ಹೊರಗಿನ ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ತು ಹರಿಸಿ ಕಬ್ಬಿಣಕ್ಕೆ ಮತ್ತೆ ನೆನಪು ತಂದುಕೊಡಬೇಕು. ಎರಡು ಅಂಕದ ಪ್ರಶ್ನೆ. ಎಷ್ಟು ಹುಡುಗರ ಉತ್ತರ ಪತ್ರಿಕೆಯಲ್ಲಿ ಇದನ್ನು ಕೆಂಪು ಶಾಯಿಯಿಂದ ಹೊಡೆದಿದ್ದರೋ! ಅರಿಶಿನ ಕಂಡದ್ದೇ ತಡ, ಇಂಥ ಜನರಿಗೆ ಇದಕ್ಕಿಂತ ಘನವಾದ ಕಾರಣವೇಕೆ ಎಂದು ಅವರ ಬುದ್ಧಿ ಅಲ್ಲಿಗೇ ಹಾಸಿಗೆ ಹಾಸಿಬಿಟ್ಟಿತ್ತು.

“ಎದ್ದಿತು,” ಎಂದಳು ಬಂಡೆಮ್ಮ, ತಂತಿ ಸುತ್ತುತ್ತ.

ಅವಳು ಯಂತ್ರವನ್ನು ನಿಲ್ಲಿಸಿದಳು. ಮೊದಲು ಚೇತರಿಸಿಕೊಂಡವನು ಗುರುರಾಜ. ತಲೆಯನ್ನು ಆಚಾರ್ಯರ ಕಿವಿಗೆ ತಂದು, “ಆದ್ರೂ ಅರಿಶಿನ ಅರಿಶಿನ ಅಲ್ಲೇನು ಕಾಕಾ? ಅದೇನು ಸುಳ್ಳಲ್ಲ. ಅಷ್ಟ ಬರೀರಿ. ರಿಪೇರಿ ನೀವ ಮಾಡಿದ್ರಿ ಅಂತ ಬರೀರಿ. ಅದಕ್ಕ ಯಾರು ಸಾಕ್ಷಿ ಕೇಳ್ತಾರ?” ಎಂದ.

ಆಚಾರ್ಯರು ಅವನನ್ನು ನೋಡಿದರು: ಎಣ್ಣೆ ಹಾಕಿ ಬಾಚಿದ ತಲೆ, ಅಕ್ಷತೆಯಿಟ್ಟ ಹಣೆ, ಹಲ್ಲಿನ ಸಂದಿಯ ಅಡಕೆ. ಎಂಥ ಹುಳ, ಎಂದುಕೊಂಡರು. ಆದರೆ ಹುಳ ಹಿಡಿದುಕೊಟ್ಟ ಕಾಗದ ಅವರ ಕೈಯಲ್ಲಿಯೇ ಇತ್ತು. ಈಗ ತಾವು ಉದಾರಿಯಾಗಬಹುದೆಂದು ಅವರಿಗೆ ತೋರಿತು. ಉದಾರತೆಯೂ ಮೇಲಿನಿಂದಲೇ ಕೆಳಗೆ ಬೀಳುವ ವಸ್ತುವಾದ್ದರಿಂದ ಅವರ ಸ್ವಭಾವಕ್ಕೆ ಒಗ್ಗುವಂಥದೇ.

“ಬಂಡೆಮ್ಮಾ,” ಎಂದರು, ದನಿಯನ್ನು ಮೆತ್ತಗೆ ಮಾಡಿ. “ಅರಿಶಿನದ ಮಾತು ಬರೀಬೇಕೋ ಬ್ಯಾಡೋ? ಬರದ್ರ ನಿನ್ನ ಕೆಲಸ ಹೋಗ್ತದ. ನೀನ ಹೇಳು.”

ಅವಳು ಕೈ ಮುಗಿಯುತ್ತಾಳೆಂದು ಅವರು ಕಾದರು. ಅವಳು ಮುಚ್ಚಳದ ನಾಲ್ಕನೆಯ ಸ್ಕ್ರೂವನ್ನು ಬಿಗಿಮಾಡಿ ಎದ್ದಳು.

“ಬರೀರಿ,” ಎಂದಳು. “ಹಚ್ಚಿದಾಕಿ ನಾನ. ಎಬ್ಬಿಸಿದಾಕಿನೂ ನಾನ. ಬರದ್ರ ಎರಡೂ ಬರೀರಿ. ಇಲ್ಲಂದ್ರ ಎರಡೂ ಬಿಡ್ರಿ. ಒಂದ ಕಣ್ಣಿನಾಗ ನೋಡಿ ಬರದದ್ದು ನನಗ ಬ್ಯಾಡ.”

ಎರಡನೆಯದನ್ನು ಬರೆಯುವುದೆಂದರೆ ಏನು? ಕೆಳಗೆ ತಮ್ಮ ಸಹಿ, ಪದವಿ, ಶಾಲೆಯ ಹೆಸರು. ಮೇಲೆ, ಓದದ ಹೆಂಗಸೊಬ್ಬಳು ಎರಡೆಣಿಸುವುದರಲ್ಲಿ ಮಾಡಿದ ಕೆಲಸ. ನಡುವೆ, ಹೈದರಾಬಾದಿಗೆ ಕಳಿಸಬೇಕೆಂದ ತಜ್ಞರು. ಆಚಾರ್ಯರು ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಒಂದೇ ಸಾಲು ಬರೆದರು: ‘ಯಂತ್ರವನ್ನು ಪರೀಕ್ಷಿಸಲಾಯಿತು, ಅದು ಸುಸ್ಥಿತಿಯಲ್ಲಿದೆ.’ ಸಹಿ ಹಾಕಿದರು. ಆ ವಾಕ್ಯದಲ್ಲಿ ಯಾರೂ ಇರಲಿಲ್ಲ. ಅರಿಶಿನ ಹಚ್ಚಿದವಳಿರಲಿಲ್ಲ, ಎಬ್ಬಿಸಿದವಳಿರಲಿಲ್ಲ, ಮೂಸಿ ನೋಡಿದವರಂತೂ ಇರಲೇ ಇಲ್ಲ. ಇಷ್ಟು ನಿರ್ಜನವಾದ ವಾಕ್ಯವನ್ನು ಅವರು ಹಿಂದೆಂದೂ ಬರೆದಿರಲಿಲ್ಲ.

ಮೂರೂವರೆಗೆ ವಿರೂಪಣ್ಣ ಡಾಕ್ಟರರು ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದರು. ನಿದ್ದೆಗೆಟ್ಟ ಕಣ್ಣು, ಅವಸರದ ಮನುಷ್ಯ. ಕಾಗದ ಓದಿದರು, ಹಿಂದೆ ತಿರುವಿ ನೋಡಿದರು, ಅಲ್ಲಿ ಏನೂ ಇರಲಿಲ್ಲ.

“ಇಷ್ಟ ಏನ್ರಿ? ಹಂಗಾರ ಕೆಟ್ಟದ್ದು ಯಾಕ, ರಿಪೇರಿ ಮಾಡಿದ್ದು ಯಾರು? ಈಕಿದು ಕಮಿಟಿಗೆ ಏನಂತ ಬರೀಲಿ ನಾ?”

“ಕಾಕಾನ ರಿಪೇರಿ ಮಾಡಿದ್ರು ಸರ್,” ಎಂದ ಗುರುರಾಜ. “ಈಕಿ ಒಳಗ ಅರಿಶಿನ—”

“ಅರಿಶಿನ ಹಚ್ಚಿದ್ದು ನಾನ ರೀ ಡಾಕ್ಟರ್ ಸಾಹೇಬ್ರ,” ಎಂದಳು ಬಂಡೆಮ್ಮ. “ಪೂಜಿ ದಿನಾ, ಒಳಗಿನ ಬಳಿಗೆ. ಅದನ್ನ ಈ ಸಾಹೇಬ್ರು ತಿಕ್ಕಿ ತೆಗೆದ್ರು. ತೆಗೆದ ಮ್ಯಾಲೂ ಹತ್ತಲಿಲ್ಲ. ಸುಟ್ಟದ ಅಂದ್ರು. ನಾ ವ್ಯಾನಿನ ಬ್ಯಾಟರಿ ಮುಟ್ಟಿಸಿ ಎಬ್ಬಿಸೀನಿ. ಇಷ್ಟ ಆಗಿದ್ದು.”

ಡಾಕ್ಟರರು ಆಚಾರ್ಯರತ್ತ ತಿರುಗಿದರು. “ಖರೇ ಏನ್ರಿ?”

ಬಾಗಿಲಲ್ಲಿ ಸಾಬಣ್ಣ ಬೀಡಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದ. ಹೊರಗೆ ಒಬ್ಬ ಮುದುಕಿ ಯಾರನ್ನೋ, “ಯಪ್ಪಾ, ಇನ್ನೂ ಎಷ್ಟೊತ್ತೋ?” ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಗುರುರಾಜ ಸಾಕ್ಷಿ ಹೇಳುತ್ತಾನೆ. ಜಗತ್ತಿನಲ್ಲಿ ತಮ್ಮ ಪಕ್ಷಕ್ಕೆ ನಿಲ್ಲುವವನು ಅವನೊಬ್ಬನೇ ಎಂಬುದು ಆ ಕ್ಷಣ ಆಚಾರ್ಯರಿಗೆ ಕಂಡ ರೀತಿ ಸಹಿಸುವಂಥದಾಗಿರಲಿಲ್ಲ.

“ಹೌದು,” ಎಂದರು. “ಹೌದು. ಆಕಿ ಹೇಳಿದ್ದು ಖರೆ.”

“ಮತ್ತ ಅದನ್ನ ಬರೀರಲ್ಲ, ಮಾರಾಯ್ರ!” ಡಾಕ್ಟರರು ಕಾಗದವನ್ನು ಮರಳಿ ಕೊಟ್ಟರು. ಆಚಾರ್ಯರು ನಿಂತುಕೊಂಡೇ, ಯಂತ್ರದ ಬೆನ್ನಿನ ಮೇಲೆ ಕಾಗದವಿಟ್ಟು ಬರೆದರು, ಎರಡನ್ನೂ ಬರೆದರು. ಮೂರನೆಯದನ್ನೂ, ತಮ್ಮ ಮೊದಲ ಅಭಿಪ್ರಾಯ ತಪ್ಪಾಗಿತ್ತೆಂಬುದನ್ನು, ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದರು. ಓದುತ್ತ ಡಾಕ್ಟರರು ಕೇಳಿದರು: “ಈ ಕಾಂತತ್ವ ಹೋಗಿದ್ದು ಯಾಕ?”

ಗುರುರಾಜ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ. ಸಾಬಣ್ಣ ಆಕಾಶ ನೋಡಿದ.

“ಬಹಳ ದಿನ ಸುಮ್ಮನ ನಿಂತ ಮಷೀನಿಗೆ ಹಂಗಾಗ್ತದ,” ಎಂದರು ಆಚಾರ್ಯರು. ಅದು ಸುಳ್ಳಲ್ಲ, ಅರ್ಧವಷ್ಟೇ. ಬಂಡೆಮ್ಮ ಉಳಿದರ್ಧವನ್ನು ಹೇಳಿಯಾಳೆಂದು ಅವರು ಅಂಜಿದರು. ಅವಳು ಹೇಳಲಿಲ್ಲ. ಅವರ ಕಡೆಗೆ ನೋಡಲೂ ಇಲ್ಲ. ಹೇಳುವಷ್ಟು ಬೆಲೆಯದಲ್ಲವೆಂಬಂತೆ ಟಾಕಿಗೆ ಪೆಟ್ರೋಲು ಸುರಿಯುತ್ತಿದ್ದಳು.

“ಸಾಕು, ಈ ಕಾಗದ ಕಮಿಟಿಗೆ ಹೋಗ್ತದ. ಕಾಯಂ ಮಾಡ್ರಿ ಅಂತ ನಾ ಬರೀತೀನಿ,” ಎಂದರು ಡಾಕ್ಟರರು. “ಇನ್ನ ಮ್ಯಾಲೆ ಅರಿಶಿನ ಹೊರಗ ಹಚ್ಚವಾ, ಬಂಡೆಮ್ಮ.”

“ಹೊರಗ ಹಚ್ತೀನ್ರಿ.”

ನಾಲ್ಕಕ್ಕೆ ಐದು ನಿಮಿಷವಿದ್ದಾಗ, ಯಾರೋ ನೆನಪಿಸಿದ ಹಾಗೆ, ಊರಿನ ಕರೆಂಟು ಹೋಯಿತು. ಬಂಡೆಮ್ಮ ಹಗ್ಗ ಎಳೆದಳು. ದೊಡ್ಡ ಸ್ವಿಚ್ಚನ್ನು ಮೇಲೆತ್ತಿದಳು. ಅಂಗಳದಾಚೆ ಆಪರೇಶನ್ ಖೋಲಿಯ ಕಿಟಕಿ ಬೆಳ್ಳಗಾಯಿತು. ಮೊದಲ ಮುದುಕನನ್ನು ಯಾರೋ ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಆಚಾರ್ಯರು ಚೀಲದಲ್ಲಿ ಬಲ್ಬನ್ನಿಟ್ಟುಕೊಂಡು, ಹೋಗಬೇಕಾದವರು, ಹೋಗದೆ ನಿಂತರು. ಗುರುರಾಜ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದದ್ದನ್ನು ಬೇಡವೆಂದಿದ್ದರು. ಏನಾದರೂ ಹೇಳಬೇಕಾಗಿತ್ತು. ಕ್ಷಮಿಸು ಎಂಬ ಮಾತು ಅವರ ಶಬ್ದಭಂಡಾರದಲ್ಲಿ ಮೇಲಿನ ಅಟ್ಟದ ಮೇಲಿತ್ತು, ಕೈಗೆ ಎಟುಕಲಿಲ್ಲ, ಎಟುಕಿದ್ದು ಪಾಠ.

“ಬಂಡೆಮ್ಮಾ,” ಎಂದರು, ಯಂತ್ರದ ಸದ್ದನ್ನು ಮೀರಿಸಲು ಕೂಗುತ್ತ. “ನೀ ಎಬ್ಬಿಸ್ತಿಯಲ್ಲ, ಅದು ಯಾಕ ಏಳ್ತದ ಗೊತ್ತದೇನು? ಹೇಳಿಕೊಡ್ತೀನಿ ಕೇಳು. ಕಬ್ಬಿಣಕ್ಕ ಒಂದು ನೆನಪು ಅಂತ ಇರ್ತದ—”

“ಸಾಹೇಬ್ರ, ಹೊರಗ ನಿಂದರ್ರಿ,” ಎಂದಳು ಅವಳು, ಕಣ್ಣನ್ನು ಮುಳ್ಳಿನಿಂದ ತೆಗೆಯದೆ. “ಸಪ್ಪಳ ಆಪರೇಶನ್ ಖೋಲಿಗೆ ಹೋಗ್ತದ. ಬಾಗಿಲಾ ಹಾಕ್ಬೇಕು.”

ಅವರು ಹೊಸ್ತಿಲು ದಾಟಿದರು. ದಾಟುತ್ತ ದಾಟುತ್ತ, ಅರ್ಧ ಉಳಿದ ವಾಕ್ಯವನ್ನು ಬಾಯಲ್ಲಿ ಹಿಡಿದುಕೊಂಡೇ ಒಮ್ಮೆ ಹಿಂದಿರುಗಿ ನೋಡಬೇಕೆಂದಿದ್ದರು. ಅಷ್ಟರಲ್ಲಿ ತಗಡಿನ ಬಾಗಿಲು ಅವರ ಬೆನ್ನ ಹಿಂದೆ ಮುಚ್ಚಿತು. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು.